ಮೂರು ದಾಖಲೆಯಲ್ಲಿ ಒಂದೇ ಜನ್ಮದಿನಾಂಕ ಇದ್ದರೆ ಅದೇ ಸರಿಯೇ?

ಅಜ್ಜನ ರೇಶನ್ ಕಾರ್ಡು, ಪಿಂಚಣಿ ಪುಸ್ತಕ, ಮರಣ ಪತ್ರ ಮೂರರಲ್ಲೂ 1-6-1932 ಇದೆ, ಸೋದರತ್ತೆ ಮಾತ್ರ ಬೇರೆ ಹೇಳುತ್ತಾರೆ, ದಾಖಲೆಯನ್ನೇ ನಂಬಬೇಕಲ್ಲವೇ ಎಂದು ಕೇಳಿದ್ದೀರಿ. ನನ್ನ ಪ್ರಕಾರ ನಿಮ್ಮ ಹತ್ತಿರ ಇರುವುದು ಮೂರು ದಾಖಲೆಯಲ್ಲ, ಬಹುಶಃ ಒಂದೇ.

ನಮ್ಮಜ್ಜ ಬಂಟ್ವಾಳ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಅವರ ಎಲ್ಲ ಕಾಗದಗಳಲ್ಲೂ 1-6-1930. ಡೊಂಬಿವಲಿಯಲ್ಲಿದ್ದ ಅಜ್ಜನ ತಂಗಿ ಮಾತ್ರ, "ಅಣ್ಣ ಹುಟ್ಟಿದ್ದು ಮಾರಿಬೊಳ್ಳದ ವರ್ಷ ಅಂತ ಅಮ್ಮ ಹೇಳ್ತಿದ್ದರು ಮಗಾ" ಅನ್ನುತ್ತಿದ್ದರು. ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಮುಳುಗಿದ ಆ ನೆರೆ ಬಂದದ್ದು 1923ರಲ್ಲಿ. ಏಳು ವರ್ಷದ ಅಂತರ. ವಯಸ್ಸಾದವರ ಮರೆವು ಅಂದುಕೊಂಡೆ.

ನಾನು ಎಡವಿದ್ದು ಇಲ್ಲೇ. ಪಿಂಚಣಿ ಪುಸ್ತಕಕ್ಕೆ ತಾರೀಕು ಬಂದದ್ದು ರಾತ್ರಿಶಾಲೆಯ ಸರ್ಟಿಫಿಕೇಟಿನಿಂದ. ರೇಶನ್ ಕಾರ್ಡಿಗೂ ಅಲ್ಲಿಂದಲೇ. ಇನ್ನು ಮರಣ ಪತ್ರ? ಅಜ್ಜ ತೀರಿಕೊಂಡ ದಿನ ಸ್ಮಶಾನದ ಕಚೇರಿಯಲ್ಲಿ ಗುಮಾಸ್ತ ವಯಸ್ಸು ಕೇಳಿದಾಗ, ಜೇಬಿನಿಂದ ರೇಶನ್ ಕಾರ್ಡು ತೆಗೆದು ನೋಡಿ ಹೇಳಿದವನು ನಾನೇ. ನಾನೇ ಬರೆಸಿದ್ದನ್ನು ಹತ್ತು ವರ್ಷದ ಮೇಲೆ ಮೂರನೆಯ ಸಾಕ್ಷಿ ಎಂದು ಲೆಕ್ಕ ಹಾಕಿದೆ. ಮರಣ ಪತ್ರ ಸತ್ತ ದಿನಕ್ಕೆ ಗಟ್ಟಿ ಸಾಕ್ಷಿ. ಹುಟ್ಟಿದ ದಿನಕ್ಕೆ ಅದು ಯಾರೋ ಹೇಳಿದ ಮಾತು ಅಷ್ಟೇ. ಜೂನ್ ಒಂದು ಎಂದು ಕಂಡರಂತೂ ಮೊದಲೇ ಅನುಮಾನಪಡಿ. ಶಾಲೆ ಶುರುವಾಗುವ ತಿಂಗಳೆಂದು ಮೇಷ್ಟ್ರು ಬರೆದುಕೊಂಡ ತಾರೀಕು ಎಷ್ಟೋ ಮನೆಗಳಲ್ಲಿದೆ. ಅಜ್ಜನಿಗೆ ವಯಸ್ಸು ಇಳಿಸುವ ಕಾರಣವೂ ಇತ್ತು: ಮುಂದೆ ಸೇರಿದ ಜವಾನನ ಕೆಲಸಕ್ಕೆ ವಯಸ್ಸಿನ ಮಿತಿ ಇತ್ತು.

1930 ಎಂದು ನಂಬಿ, ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ 1935ರಿಂದ ಮುಂದಿನ ಪುಟಗಳನ್ನೇ ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ ಹೋಗಿ ತಿರುವಿದೆ. ಕೊನೆಗೆ ಟ್ರಂಕಿನ ತಳದಲ್ಲಿ ಅಜ್ಜನ ಜಾತಕ ಸಿಕ್ಕಿತು. ಅಂಚಿಗೆ ಅರಿಶಿನ ಹಚ್ಚಿದ ಹಾಳೆ, ಮಡಿಕೆಯಲ್ಲಿ ಹುಳ ತಿಂದಿದೆ, ಆದರೂ "ರುಧಿರೋದ್ಗಾರಿ ಸಂವತ್ಸರ" ಎಂದು ಓದಬಹುದು. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಹಾಗಾಗಿ 1863-64 ಅಥವಾ 1923-24. ಅಜ್ಜನ ಮಟ್ಟಿಗೆ ಎರಡನೆಯದೇ. ಶಾಲೆಯ ಪುಸ್ತಕದ ಹಿಂದಿನ ಪುಟ ತೆಗೆಸಿದೆ: 1929ರಲ್ಲಿ ದಾಖಲು, ವಯಸ್ಸು ಆರು, ಪೋಷಕರ ಜಾಗದಲ್ಲಿ ಸೋದರಮಾವನ ಹೆಸರು. ನಮ್ಮದು ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿ, ತಾಯಿಮನೆಯ ಹೆಸರು ತಿಳಿಯದೆ ಮುಂದೆ ಹೋಗುವಂತಿಲ್ಲ. ಅದು ಪುಸ್ತಕದಲ್ಲಿಲ್ಲ. ಅಜ್ಜನ ತಂಗಿಗೆ ಗೊತ್ತಿತ್ತು. ಅಷ್ಟರಲ್ಲಿ ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಹಿರಿಯರ ಮಾತೆಲ್ಲ ನಿಜ ಎನ್ನುತ್ತಿಲ್ಲ. ಅವರಿಗೆ ಯಾರು ಹೇಳಿದ್ದು ಎಂದು ಅವರನ್ನೂ ಕೇಳಬೇಕು. ಆದರೆ ನೀವು ಕಾಗದ ಹುಡುಕುವುದನ್ನು ನಿಲ್ಲಿಸಿ, ಈ ಭಾನುವಾರವೇ ಸೋದರತ್ತೆಯ ಮನೆಗೆ ಹೋಗಿ. ಇಸವಿ ಕೇಳಬೇಡಿ. 1944ರ ಏಪ್ರಿಲ್‌ನಲ್ಲಿ ವಿಕ್ಟೋರಿಯಾ ಡಾಕಿನಲ್ಲಿ ಹಡಗು ಸಿಡಿದಾಗ ನಿಮ್ಮ ಅಜ್ಜ ಮುಂಬಯಿಗೆ ಬಂದಾಗಿತ್ತೇ, ಮೀಸೆ ಬಂದಿತ್ತೇ ಎಂದು ಕೇಳಿ. ತಾಯಿಮನೆಯ ಹೆಸರನ್ನು ಮಾತ್ರ ಬರೆದುಕೊಂಡೇ ಏಳಿ.