ಕಾರ್ನರ್‌ನಲ್ಲಿ ಆಯಿಲ್ ಲೈಟ್ ಮಿಣುಕ್ತಿದ್ಯಾ? ಪಂಪ್‌ಗೆ ಮುಂಚೆ ಚೇಂಬರ್ ನೋಡಿ

ಪ್ರಶ್ನೆ: ಸರ್, ನನ್ನ ಹತ್ರ ಹಳೇ ಮಾರುತಿ ಎಸ್ಟೀಮ್ ಕಾರ್ ಇದೆ, ಶ್ರೀಪೆರಂಬುದೂರು ಟ್ರ್ಯಾಕ್‌ಗೆ ಅಂತ್ಲೇ ರೆಡಿ ಮಾಡಿಸಿದೀನಿ. ಸ್ಲಿಕ್ ಟೈರ್ (ಗೆರೆ ಇಲ್ಲದ ರೇಸ್ ಟೈರ್) ಹಾಕಿದ್ಮೇಲೆ ಉದ್ದದ ಟರ್ನಲ್ಲಿ ಆಯಿಲ್ ಲೈಟ್ ಮಿಣುಕ್ ಅಂದು ಆರೋಗತ್ತೆ, ಸ್ಟ್ರೈಟಲ್ಲಿ ಏನೂ ಇಲ್ಲ. ಮೆಕ್ಯಾನಿಕ್ ದೊಡ್ಡ ಆಯಿಲ್ ಪಂಪ್ ಹಾಕ್ಸಿ ಅಂತಾರೆ. ಹಾಕಿಸ್ಲಾ?
(ಓದುಗರು, ತುಮಕೂರು)

ಉತ್ತರ: ಬೇಡ. ಮೊದ್ಲು ಗಾಡಿ ಟ್ರ್ಯಾಕ್‌ಗೆ ಇಳಿಸೋದು ನಿಲ್ಸಿ, ಯಾಕಂದ್ರೆ ಕಂಪನಿ ಲೈಟ್ ಹತ್ತೋದೇ ಪ್ರೆಶರ್ ಪೂರ್ತಿ ಬಿದ್ಮೇಲೆ, ಅದೂ ನೀವು ಆರು ಸಾವಿರ ಆರ್‌ಪಿಎಂ‌ನಲ್ಲಿ ಇರ್ವಾಗ, ಅಷ್ಟೊತ್ತಿಗೆ ಕನೆಕ್ಟಿಂಗ್ ರಾಡ್‌ನ ಕೆಳತುದೀಲಿರೋ ಬಿಗ್ ಎಂಡ್ ಬೇರಿಂಗ್ ಒಣಗಿ ಉಜ್ತಾ ಇರತ್ತೆ.

ನಿಮ್ಮ ಪಂಪ್ ಚೆನ್ನಾಗೇ ಇದೆ, ಅದರ ಬಾಯಿಗೆ ಆಯಿಲ್ ಸಿಗ್ತಿಲ್ಲ ಅಷ್ಟೆ. ಸ್ಲಿಕ್‌ನ ಗ್ರಿಪ್‌ಗೆ ಟರ್ನಲ್ಲಿ 1 ಜಿ (ತನ್ನ ತೂಕದಷ್ಟೇ ಪಕ್ಕಕ್ಕೆ ಎಳೆತ) ಬಂತು ಅಂದ್ರೆ ಚೇಂಬರ್, ಅಂದ್ರೆ ಇಂಜಿನ್ ತಳದ ಆಯಿಲ್ ತೊಟ್ಟಿ ಒಳಗೆ ಆಯಿಲ್ 45 ಡಿಗ್ರಿ ವಾಲತ್ತೆ, ತಟ್ಟೇಲಿ ಸಾರು ಒಂದ್ಕಡೆಗೆ ಹೋದ ಹಾಗೆ, ಪಂಪ್‌ಗೆ ಆಯಿಲ್ ಎಳ್ಕೊಳ್ಳೋ ಜಾಲರಿ ಬಾಯಿ, ಅಂದ್ರೆ ಸ್ಟ್ರೈನರ್, ಗಾಳಿ ಎಳಿಯತ್ತೆ. ಇದಕ್ಕೆ ದೊಡ್ಡ ಪಂಪ್ ಹಾಕಿದ್ರೆ ಇರೋ ಆಯಿಲ್‌ನೂ ಬೇಗ ಇಂಜಿನ್ ಮೇಲ್ಭಾಗದ ಹೆಡ್‌ಗೆ ಏರಿಸಿ ಚೇಂಬರ್ ಇನ್ನೂ ಖಾಲಿ ಮಾಡತ್ತೆ.

ಮಾಡಬೇಕಾಗಿರೋದು ಬ್ಯಾಫಲ್. ಚೇಂಬರ್ ಇಳಿಸಿ ಸ್ಟ್ರೈನರ್ ಸುತ್ತ ಶೀಟ್ ಗೋಡೆ ಕಟ್ಸಿ, ಗೋಡೇಲಿ ಕೀಲು ಹಾಕಿರೋ ಪುಟ್ಟ ಬಾಗಿಲು ಇಡ್ಸಿ, ಆಯಿಲ್ ಒಳಗೆ ಬರ್ಬೇಕು, ವಾಪಸ್ ಹೋಗ್ಬಾರ್ದು. ವೆಲ್ಡಿಂಗ್ ಕಸ ಒಂದು ಚೂರು ಉಳಿದ್ರೂ ಅದು ಸೀದಾ ಪಂಪ್‌ಗೆ ಹೋಗತ್ತೆ, ಹಾಗಾಗಿ ಎಲ್ಲಾ ತೊಳ್ದು ಕೈ ಆಡಿಸಿ ನೋಡಿ. ವಾಪಸ್ ಕೂರಿಸೋ ಮುಂಚೆ ಸ್ಟ್ರೈನರ್ ತುದೀಲಿ ಮಕ್ಕಳು ಆಡೋ ಕ್ಲೇ ಒಂದು ಉಂಡೆ ಅಂಟಿಸಿ, ಗ್ಯಾಸ್ಕೆಟ್ ಇಟ್ಟು ಚೇಂಬರ್ ಬಿಗಿದು, ಬಿಚ್ಚಿ ಆ ಕ್ಲೇ ದಪ್ಪ ಅಳೀರಿ. 6ರಿಂದ 10 ಮಿಮೀ ಇದ್ರೆ ಸರಿ. ಜಾಸ್ತಿ ಇದ್ರೆ ಗಾಳಿ ಎಳಿಯತ್ತೆ, ಕಮ್ಮಿ ಆದ್ರೆ ಉಸಿರು ಕಟ್ಟತ್ತೆ. ಈ ಒಂದು ಕೆಲಸ ಬಿಟ್ಟೇ ಎಷ್ಟೋ ಜನ ಇಂಜಿನ್ ಕಳ್ಕೊಳ್ತಾರೆ, ನಿಜವಾಗ್ಲೂ ಬೇಜಾರಾಗತ್ತೆ.

ಒಂದು ಪ್ರೆಶರ್ ಗೇಜೂ ಹಾಕಿ, ಜೊತೆಗೆ 20-25 ಪಿಎಸ್‌ಐಗೇ ಹತ್ತೋ ದೊಡ್ಡ ಕೆಂಪು ಲೈಟು, ಯಾಕಂದ್ರೆ ಟರ್ನಲ್ಲಿ ಮುಳ್ಳು ನೋಡಕ್ಕೆ ಪುರುಸೊತ್ತಿರಲ್ಲ. ಆಯಿಲ್ ಬಿಸಿ ಇರ್ವಾಗ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಅನ್ನೋದು ರೇಸ್ ಮೆಕ್ಯಾನಿಕ್‌ಗಳ ಹಳೇ ಲೆಕ್ಕ. ಬ್ಯಾಫಲ್ ಹಾಕಿದ್ಮೇಲೂ ಪ್ರೆಶರ್ ಬಿದ್ರೆ ಅಕ್ಯುಮುಲೇಟರ್ ನೋಡಿ, ಪ್ರೆಶರಲ್ಲಿ ಆಯಿಲ್ ತುಂಬಿಟ್ಟಿರೋ ಸಿಲಿಂಡರ್ ಅದು, ಪಂಪ್ ತಪ್ಪಿದ ಆ ಎರಡು ಕ್ಷಣ ಆಯಿಲ್ ಕೊಡತ್ತೆ. ಡ್ರೈ ಸಂಪ್ (ಆಯಿಲ್ ಚೇಂಬರಲ್ಲಿ ಬಿಡದೆ ಬೇರೆ ಟ್ಯಾಂಕಲ್ಲಿ ಇಡೋದು) ಎಲ್ಲಕ್ಕಿಂತ ಒಳ್ಳೇದು, ಪೋರ್ಷೆ 911ಗೆ ಶುರುವಿಂದ್ಲೂ ಅದೇ ಇತ್ತು, ಆದ್ರೆ ಎಸ್ಟೀಮ್‌ಗೆ ಆ ಖರ್ಚು ನಾನು ಹೇಳಲ್ಲ.

ಪ್ರಶ್ನೆ: ಟ್ರ್ಯಾಕ್ ಡೇಗೆ ಆಯಿಲ್ ಕೂಲರ್ ಹಾಕಿದ್ಮೇಲೆ ಪ್ರೆಶರ್ ಸೂಪರ್ ಆಗಿ ತೋರಿಸ್ತಿದೆ, ಆದ್ರೆ ಟೆಂಪರೇಚರ್ 65 ದಾಟ್ತಿಲ್ಲ. ಒಳ್ಳೇದಲ್ವಾ?
(ಓದುಗರು, ಮೈಸೂರು)

ಉತ್ತರ: ಒಳ್ಳೇದಲ್ಲ ಸರ್. ತಣ್ಣಗಿರೋ ಆಯಿಲ್ ದಪ್ಪ, ಅದಕ್ಕೇ ಗೇಜ್ ಮೇಲಿದೆ. 65ರಲ್ಲಿ ಆಯಿಲ್‌ಗೆ ಸೇರಿರೋ ನೀರೂ ಪೆಟ್ರೋಲೂ ಆವಿಯಾಗಿ ಹೋಗಲ್ಲ. ಟ್ರ್ಯಾಕಲ್ಲಿ 100ರಿಂದ 120 ಡಿಗ್ರಿ ಇರ್ಲಿ. ಕೂಲರ್ ಲೈನಿಗೆ ಥರ್ಮೋಸ್ಟಾಟ್ ಪ್ಲೇಟ್ ಹಾಕ್ಸಿ, ಆಯಿಲ್ ಬಿಸಿ ಆಗೋವರ್ಗೂ ಅದು ಕೂಲರ್‌ಗೆ ಬಿಡಲ್ಲ.

ಪ್ರಶ್ನೆ: ಆರ್‌ಎಕ್ಸ್ 100 ಬೈಕ್ ಡ್ರ್ಯಾಗ್‌ಗೆ (ನೇರ ದಾರಿ ರೇಸ್) ರೆಡಿ ಮಾಡ್ತಿದೀನಿ, ಆಯಿಲ್ ಪಂಪ್ ತೆಗ್ದು ಪೆಟ್ರೋಲ್‌ಗೇ ಮಿಕ್ಸ್ ಮಾಡ್ಲಾ ಅಣ್ಣ?
(ಓದುಗ, ದಾವಣಗೆರೆ)

ಉತ್ತರ: ಡ್ರ್ಯಾಗ್‌ಗೆ ಮಾತ್ರ ಅಂದ್ರೆ ಮಾಡಪ್ಪ. ಲೀಟರ್‌ಗೆ 40 ಎಂಎಲ್ ಒಳ್ಳೇ 2ಟಿ (ಟೂ ಸ್ಟ್ರೋಕ್) ಆಯಿಲ್, ಆಯಿಲ್ ಪೈಪ್ ಸೇರ್ತಿದ್ದ ತೂತು ಗಾಳಿ ನುಗ್ಗದ ಹಾಗೆ ಮುಚ್ಚು. ಒಂದು ವಿಷ್ಯ ಯಾರೂ ಹೇಳಲ್ಲ, ಆಯಿಲ್ ಜಾಸ್ತಿ ಮಾಡಿದಷ್ಟೂ ಕಾರ್ಬ್ಯುರೇಟರ್ ಜೆಟ್ಟಲ್ಲಿ (ಪೆಟ್ರೋಲ್ ಬಿಡೋ ಪುಟ್ಟ ತೂತು) ಹೋಗೋ ಪೆಟ್ರೋಲ್ ಕಮ್ಮಿ ಆಗಿ ಮಿಕ್ಸ್ಚರ್ ಲೀನ್ ಆಗತ್ತೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಹಾಗಾಗಿ ಮೊದ್ಲು ಮಿಕ್ಸ್ ಫಿಕ್ಸ್ ಮಾಡ್ಕೋ, ಆಮೇಲೆ ಪ್ಲಗ್ ಬಣ್ಣ ನೋಡಿ ಜೆಟ್ ಬದಲಾಯ್ಸು. ಅದೇ ಗಾಡೀಲಿ ಊರೂರು ಸುತ್ತೋದಾದ್ರೆ ಪಂಪ್ ಇರ್ಲಿ, ಚಾರ್ಮಾಡಿ ಘಾಟಿ ಇಳೀವಾಗ ಥ್ರಾಟಲ್ ಮುಚ್ಚಿದ್ರೆ ಮಿಕ್ಸ್ ಗಾಡಿಗೆ ಪೆಟ್ರೋಲ್ ಜೊತೆ ಆಯಿಲೂ ನಿಲ್ಲತ್ತೆ, ಇಂಜಿನ್ ಮಾತ್ರ ಜೋರಾಗಿ ತಿರುಗ್ತಾನೇ ಇರತ್ತೆ, ಪಿಸ್ಟನ್ ಸೀಜ್ ಆಗೋದು ಅಲ್ಲೇ.