ಪೆಂಟಾಕ್ಸ್ ಕೆ1000: ಲೆನ್ಸಿನೊಳಗಿನ ಎಳೆಗಳ ಬಗ್ಗೆ

ನಮಸ್ಕಾರ. ಮಲ್ಪೆಯ ಪರಿಚಿತರೊಬ್ಬರು ಮಾರುತ್ತಿರುವ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾದ ಲೆನ್ಸಿನೊಳಗೆ ಜೇಡರ ಬಲೆಯಂತಹ ಎಳೆಗಳಿವೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಶಟರ್ (ಫಿಲ್ಮಿನ ಮೇಲೆ ಬೆಳಕು ಬೀಳಲು ತೆರೆದು ಮುಚ್ಚುವ ಪರದೆ) ಸರಿಯಿದ್ದರೆ ಖಂಡಿತ ಕೊಳ್ಳಿ, ಆದರೆ ಆ ಲೆನ್ಸಿಗೆ ಬೆಲೆ ಕಟ್ಟಬೇಡಿ.

ಆ ಎಳೆಗಳು ಫಂಗಸ್. ನಮ್ಮ ಕರಾವಳಿಯ ಮಳೆಗಾಲದಲ್ಲಿ, ತೇವವನ್ನು ಹಿಡಿದಿಟ್ಟುಕೊಳ್ಳುವ ಚರ್ಮದ ಕವಚದೊಳಗೆ ಕಪಾಟಿನಲ್ಲಿ ವರ್ಷಗಟ್ಟಲೆ ಉಳಿದ ಲೆನ್ಸ್ ಇದರಿಂದ ಪಾರಾಗುವುದು ಅಪರೂಪ. ಬೇಗ ಗಮನಿಸಿದರೆ ಬಿಚ್ಚಿ ಒರೆಸಿ ತೆಗೆಸಬಹುದು. ಗಾಜಿನ ಲೇಪನವನ್ನೇ ಕೊರೆದಿದ್ದರೆ ಕಲೆ ಉಳಿದು, ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳು ಮಂಕಾಗುತ್ತವೆ. ಈ ಕ್ಯಾಮೆರಾಕ್ಕೆ ಕೂರುವ, ಕೆ ಮೌಂಟ್ ಎಂಬ ಜೋಡಣೆಯ ಬೇರೆ ಲೆನ್ಸ್ ಹುಡುಕುವುದು ಕಷ್ಟವಲ್ಲ.

ನಿಜವಾಗಿ ಪರೀಕ್ಷಿಸಬೇಕಾದದ್ದು ಕ್ಯಾಮೆರಾದ ಒಡಲನ್ನು. 1976ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯ ಶಟರ್ ಸಂಪೂರ್ಣ ಯಾಂತ್ರಿಕವಾದುದರಿಂದ, ಬ್ಯಾಟರಿ ಇಲ್ಲದೆಯೂ ಅಲ್ಲಿಯೇ ನೋಡಬಹುದು. ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಬೆಳಕಿನತ್ತ ಹಿಡಿದು 1/1000 ಸೆಕೆಂಡಿನ ವೇಗದಲ್ಲಿ ಒತ್ತಿದಾಗ ಚೌಕಟ್ಟಿನ ಒಂದು ಬದಿ ಕಪ್ಪಾಗಿಯೇ ಉಳಿದರೆ, ಅಥವಾ 1 ಸೆಕೆಂಡಿನಲ್ಲಿ ಪರದೆ ನಡುವೆ ತಡೆದು ನಿಂತರೆ, ದುರಸ್ತಿಯ ಖರ್ಚನ್ನು ಬೆಲೆಯಿಂದ ಕಳೆಯಿರಿ. ಹಿಂಬಾಗಿಲಿನಲ್ಲಿ ಬೆಳಕು ತಡೆಯುವ ಸ್ಪಂಜು ಅಂಟಂಟಾಗಿದ್ದರೆ ಹೆದರಬೇಡಿ. ಅದನ್ನು ನಾನೇ ಮನೆಯಲ್ಲಿ ಬದಲಿಸಿದ್ದೇನೆ, ಒಂದು ಮಧ್ಯಾಹ್ನದ ಕೆಲಸ, ಬಹಳ ಸಂತೋಷ ಕೊಟ್ಟ ಕೆಲಸ.

ಮನೆಗೆ ತಂದ ಮೇಲೆ ಚರ್ಮದ ಕವಚವನ್ನು ಬೇರೆಯಾಗಿ ಇಟ್ಟು, ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಇದರ ಬೆಳಕು ಅಳೆಯುವ ಮೀಟರಿಗೆ ಪ್ರತ್ಯೇಕ ಸ್ವಿಚ್ ಇಲ್ಲ. ಲೆನ್ಸಿನ ಮುಚ್ಚಳ ಹಾಕದಿದ್ದರೆ ಬ್ಯಾಟರಿ ಖಾಲಿಯಾಗುತ್ತದೆ.