ಹುಟ್ಟಿದ ಮನೆಯಿಂದ ಬಂದ ನಂಬಿಕೆ ನನ್ನದು ಹೌದೇ? – ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಅವರ ಧರ್ಮ ಯಾವುದು, ಅವರಲ್ಲಿ ಪ್ರಶ್ನೆ ಹುಟ್ಟಿಸಿದ ಸಹೋದ್ಯೋಗಿಯ ಧರ್ಮ ಯಾವುದು ಎಂಬುದನ್ನೂ ಬೇಕೆಂದೇ ಹೇಳಿಲ್ಲ. ಗೋಪ್ಯತೆ ಅದಕ್ಕೊಂದು ಕಾರಣ. ಆ ಎರಡು ಧರ್ಮಗಳ ಹೆಸರನ್ನು ಅದಲುಬದಲು ಮಾಡಿದರೂ ಈ ಬರಹದಲ್ಲಿ ಬೇರೇನನ್ನೂ ತಿದ್ದಬೇಕಾಗುವುದಿಲ್ಲ ಎಂಬುದು ಇನ್ನೊಂದು ಕಾರಣ, ಮತ್ತು ಸಲಹಾರ್ಥಿಯ ಸಂಕಟದ ಬೇರು ಇದ್ದದ್ದೂ ಅಲ್ಲಿಯೇ.

ಅವರು ಮೂವತ್ತರ ಆಸುಪಾಸಿನ ವಿವಾಹಿತರು, ಚಿಕ್ಕ ಮಗಳೊಬ್ಬಳ ತಂದೆ. ನಿದ್ರೆ ಬರುತ್ತಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂದು ಬಂದಿದ್ದರು. ಭಕ್ತಿ ಗಾಢವಾಗಿದ್ದ ಮನೆಯಲ್ಲಿ ಬೆಳೆದವರು. ಮಾತು ಸ್ಪಷ್ಟವಾಗುವ ಮೊದಲೇ ಪ್ರಾರ್ಥನೆ ಬಾಯಿಪಾಠವಾಗಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಬೇರೆ ಧರ್ಮದವರೊಬ್ಬರು, ತಮ್ಮ ಮಗು ಕಾಯಿಲೆಯಿಂದ ಚೇತರಿಸಿಕೊಂಡ ದಿನ, ‘ನನ್ನ ದೇವರು ನನ್ನ ಕೈಬಿಡಲಿಲ್ಲ’ ಎಂದು ಕಣ್ಣೀರು ಒರೆಸಿಕೊಂಡರಂತೆ. ಇದೇ ಮಾತನ್ನು ಇದೇ ಖಚಿತತೆಯಿಂದ ಸಲಹಾರ್ಥಿಯ ತಂದೆಯೂ ಒಮ್ಮೆ ಹೇಳಿದ್ದರು. ‘ನಾವಿಬ್ಬರೂ ಹುಟ್ಟಿದಾಗ ಅದಲುಬದಲಾಗಿದ್ದರೆ ನಾನು ಅವರ ದೇವರಿಗೂ ಅವರು ನನ್ನ ದೇವರಿಗೂ ಕೃತಜ್ಞರಾಗಿರುತ್ತಿದ್ದೆವು’ ಎಂಬ ಯೋಚನೆ ಅಂದಿನಿಂದ ಅವರನ್ನು ಬಿಡಲಿಲ್ಲ. ಕೆಲ ದಿನಗಳ ನಂತರ, ಪ್ರಾರ್ಥನೆಯ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ ಮಗಳು ತಾವು ಕಣ್ಣು ಮುಚ್ಚಿದರೆ ಮುಚ್ಚುತ್ತಾಳೆ, ತೆರೆದರೆ ತೆರೆಯುತ್ತಾಳೆ ಎಂಬುದನ್ನು ಗಮನಿಸಿದರು. ಅಂದಿನಿಂದ ಪ್ರಾರ್ಥನೆಯನ್ನೇ ನಿಲ್ಲಿಸಿದರು. ‘ಇದು ನಾನು ಆರಿಸಿಕೊಂಡ ನಂಬಿಕೆಯಲ್ಲ. ಹೀಗಿರುವಾಗ ಇದನ್ನು ಮಗುವಿಗೆ ದಾಟಿಸುವುದು ಮೋಸವಲ್ಲವೇ?’ ಎಂಬುದು ಅವರು ನನ್ನ ಮುಂದಿಟ್ಟ ಪ್ರಶ್ನೆ.

ಇಂಥ ಪ್ರಶ್ನೆ ಹೊತ್ತು ಬಂದವರಲ್ಲಿ ಮೊದಲು ನೋಡಬೇಕಾದದ್ದು ಪ್ರಶ್ನೆಯ ಹಿಂದೆ ಕಾಯಿಲೆ ಇದೆಯೇ ಎಂಬುದನ್ನು. ಧಾರ್ಮಿಕ ವಿಷಯವನ್ನೇ ಹಿಡಿದು ಕಾಡುವ ಗೀಳಿನಲ್ಲಿ ಸಮಾಧಾನದ ಉತ್ತರ ಕ್ಷಣಕಾಲ ಮಾತ್ರ ನೆಮ್ಮದಿ ಕೊಡುತ್ತದೆ. ಮರುಕ್ಷಣ ಅದೇ ಸಂಶಯ ಮರಳುತ್ತದೆ, ತನ್ನ ನಂಬಿಕೆ ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳದೆ ಇರಲಾಗುವುದಿಲ್ಲ. ಅಂಥವರಿಗೆ ತತ್ತ್ವಚರ್ಚೆಯಿಂದ ಹಾನಿಯೇ ಹೆಚ್ಚು, ಮನೋವೈದ್ಯರ ನೆರವು ಬೇಕು. ಇವರಲ್ಲಿ ಆ ಲಕ್ಷಣಗಳಿರಲಿಲ್ಲ, ಖಿನ್ನತೆಯೂ ಇರಲಿಲ್ಲ. ಮಗಳೊಂದಿಗೆ ಆಡುವಾಗ ಅವರು ಎಂದಿನಂತೆ ಸಂತೋಷವಾಗಿರುತ್ತಿದ್ದರು. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯಲ್ಲಿ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬ ವಿಭಾಗವನ್ನು ಸೇರಿಸಲಾಯಿತು. ನಂಬಿಕೆ ಕಳೆದುಕೊಂಡ ಅಥವಾ ಅದನ್ನು ಪ್ರಶ್ನಿಸುತ್ತಿರುವ ನೋವು ಅದರಲ್ಲಿ ಬರುತ್ತದೆ. ಅದು ಗಮನ ಕೊಡಬೇಕಾದ ಸ್ಥಿತಿಯೇ ಹೊರತು ಮಾನಸಿಕ ರೋಗವಲ್ಲ ಎಂಬುದು ಅಲ್ಲಿನ ನಿಲುವು. ಇದನ್ನು ತಿಳಿಸಿದಾಗ ಅವರ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು.

ಈ ಪ್ರಶ್ನೆ ತಮಗೊಬ್ಬರಿಗೇ ಬಂದಿದೆ ಎಂಬ ಒಂಟಿತನ ಅವರಲ್ಲಿತ್ತು. ಆದ್ದರಿಂದ ಇಬ್ಬರ ವಿಷಯ ಹೇಳಿದೆ. 1111ರಲ್ಲಿ ತೀರಿಕೊಂಡ ಇಸ್ಲಾಮೀ ಚಿಂತಕ ಅಲ್-ಗಝಾಲಿ, ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಗಳ ಮಕ್ಕಳು ಯಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುವುದನ್ನು ಎಳೆಯ ವಯಸ್ಸಿನಲ್ಲೇ ಗಮನಿಸಿದ್ದರು. ಹಿರಿಯರಿಂದ ಹಾಗೇ ಬಂದ ನಂಬಿಕೆಯ ಕಟ್ಟು ಅದರಿಂದ ಸಡಿಲವಾಯಿತೆಂದು ಅವರೇ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಕಣ್ಣು, ಕಿವಿಗಳನ್ನೂ ನಂಬಲಾಗದ ಸಂಶಯದಲ್ಲಿ ಸುಮಾರು ಎರಡು ತಿಂಗಳು ತೊಳಲಾಡಿದ ಅವರು, ಅದರಿಂದ ಹೊರಬಂದು ತಮ್ಮ ಧರ್ಮದಲ್ಲೇ ಉಳಿದರು. ಬ್ರಿಟನ್ನಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಬರೆದದ್ದೂ ಇದನ್ನೇ: ಒಬ್ಬನನ್ನು ಲಂಡನ್ನಿನಲ್ಲಿ ಕ್ರೈಸ್ತನನ್ನಾಗಿ ಮಾಡಿದ ಕಾರಣಗಳೇ ಅವನನ್ನು ಪೀಕಿಂಗಿನಲ್ಲಿ (ಇಂದಿನ ಬೀಜಿಂಗ್) ಬೌದ್ಧನನ್ನಾಗಿಯೋ ಕನ್‌ಫ್ಯೂಷಿಯಸ್‌ನ ಅನುಯಾಯಿಯನ್ನಾಗಿಯೋ ಮಾಡುತ್ತಿದ್ದವು. ಆದರೆ ಎಲ್ಲ ನಂಬಿಕೆಗಳನ್ನೂ ಬಿಡಬೇಕೆಂದು ಮಿಲ್ ಹೇಳಲಿಲ್ಲ. ಭಿನ್ನಮತದವರ ಬಾಯಿ ಮುಚ್ಚಿಸುವ ಹಕ್ಕು ಯಾರಿಗೂ ಇಲ್ಲ ಎಂದು ವಾದಿಸಲು ಅದನ್ನು ಬಳಸಿದರು. ಒಂದೇ ಅವಲೋಕನದಿಂದ ಹೊರಟವರು ಬೇರೆ ಬೇರೆ ಕಡೆ ತಲುಪಬಹುದು ಎಂಬುದನ್ನು ಸಲಹಾರ್ಥಿ ಮನಗಾಣಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ಮುಂದಿನ ಭೇಟಿಗೆ ಅವರು ಅಂಕಿಅಂಶಗಳನ್ನು ಹಿಡಿದು ಬಂದರು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡ 98 ಮಂದಿ ತಾವು ಬೆಳೆದ ಧರ್ಮದಲ್ಲೇ ಇದ್ದಾರೆ. ‘ಇನ್ನೇನು ಹೇಳಬೇಕು?’ ಎಂದು ಕೇಳಿದರು. ನಾನು ಇನ್ನೊಂದು ಅಂಕಿಯನ್ನು ಮುಂದಿಟ್ಟೆ: ಅದೇ ಸಂಸ್ಥೆ ಅಮೆರಿಕದಲ್ಲಿ 2014ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ವಯಸ್ಕರು ಬಾಲ್ಯದ ಧಾರ್ಮಿಕ ಗುರುತಿನಿಂದ ಬೇರೆಯಾಗಿದ್ದರು. ಹುಟ್ಟೇ ಸಂಪೂರ್ಣ ವಿಧಿಯಾಗಿದ್ದರೆ ಈ ಎರಡನೆಯ ಸಂಖ್ಯೆ ಇರುತ್ತಿರಲಿಲ್ಲ. ಆದರೆ ಇದರಿಂದ ಸುಲಭದ ಸಮಾಧಾನವನ್ನೂ ಪಡೆಯಬಾರದು. ಬದಲಾಗಲು ಎಷ್ಟು ಅವಕಾಶವಿದೆ ಎಂಬುದು ಕೂಡ ಕುಟುಂಬ, ವಿವಾಹ, ಸಮುದಾಯ, ಕಾನೂನು ಇವುಗಳ ಮೂಲಕ ಹುಟ್ಟಿದ ಜಾಗವನ್ನೇ ಅವಲಂಬಿಸಿದೆ. ಅವಳಿ ಮಕ್ಕಳನ್ನು ಕುರಿತ ಅಧ್ಯಯನಗಳು ಇನ್ನೊಂದು ಭೇದವನ್ನು ತೋರಿಸಿವೆ. ಯಾವ ಧರ್ಮಕ್ಕೆ ಸೇರಿದವರು ಎಂಬುದನ್ನು ಬಹುಮಟ್ಟಿಗೆ ಮನೆ ಮತ್ತು ಪರಿಸರ ನಿರ್ಧರಿಸುತ್ತವೆ. ಎಷ್ಟು ಧಾರ್ಮಿಕರು ಎಂಬುದರ ಮೇಲೆ ಮನೆಯ ಪ್ರಭಾವ ಬಾಲ್ಯದಲ್ಲಿ ಹೆಚ್ಚಾಗಿದ್ದು, ವಯಸ್ಸಾದಂತೆ ತಗ್ಗಿ, ಹುಟ್ಟುಗುಣದ ಪಾಲು ಹೆಚ್ಚುತ್ತದೆ.

ಇಲ್ಲಿಯವರೆಗಿನದು ನಂಬಿಕೆ ಹೇಗೆ ಬಂತು ಎಂಬುದರ ವಿವರಣೆ. ನಂಬಿಕೆ ಹೇಗೆ ಬಂತು ಎಂಬುದರಿಂದ ಅದು ನಿಜವೋ ಸುಳ್ಳೋ ಎಂಬುದು ತೀರ್ಮಾನವಾಗುವುದಿಲ್ಲ ಎಂದು ತರ್ಕಶಾಸ್ತ್ರ ಹೇಳುತ್ತದೆ, ಅದು ಸರಿ. ಆದರೆ ಆ ಒಂದು ಮಾತಿನಿಂದ ಸಲಹಾರ್ಥಿಯನ್ನು ಸಾಗಹಾಕುವುದನ್ನು ನಾನು ಒಪ್ಪುವುದಿಲ್ಲ. ‘ನನಗೆ ಇದು ನಿಜವೆಂದು ಒಳಗಿನಿಂದ ಅನ್ನಿಸುತ್ತದೆ’ ಎಂಬುದೊಂದೇ ಯಾರ ನಂಬಿಕೆಗೆ ಆಧಾರವೋ, ಅವರು ಅಷ್ಟೇ ಪ್ರಾಮಾಣಿಕನಾದ ಇನ್ನೊಬ್ಬನಿಗೆ ಬೇರೆಯದೇ ನಿಜವೆಂದು ಅನ್ನಿಸುವುದನ್ನು ಕಂಡಾಗ ಆ ಆಧಾರ ದುರ್ಬಲವಾಗುವುದು ಸಹಜ. ಹಾಗೆಂದು ಎಲ್ಲವನ್ನೂ ಬಿಟ್ಟವನು ಹುಟ್ಟಿನ ಪ್ರಭಾವದ ಹೊರಗೆ ನಿಂತನೆಂದೂ ಹೇಳಲಾಗದು. ನಾಸ್ತಿಕರ ಮನೆಯಲ್ಲಿ ಹುಟ್ಟಿದವನ ನಾಸ್ತಿಕತೆಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ‘ಮಾತೃಭಾಷೆಯನ್ನೂ ನಾನು ಆರಿಸಿಕೊಳ್ಳಲಿಲ್ಲ, ಅದಕ್ಕೆ ಸಂಕೋಚವಿಲ್ಲವಲ್ಲ’ ಎಂದು ಒಮ್ಮೆ ಅವರೇ ಹೇಳಿ, ಬಳಿಕ ತಾವೇ ತಿದ್ದಿಕೊಂಡರು: ‘ಆದರೆ ನನ್ನ ಭಾಷೆ ಉಳಿದ ಭಾಷೆಗಳನ್ನು ಸುಳ್ಳೆನ್ನುವುದಿಲ್ಲ.’ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ ಎಂದು ನಾನೂ ಒಪ್ಪಿದೆ.

ನಿಜವಾದ ಗಂಟು ಇದ್ದದ್ದು ತರ್ಕದಲ್ಲಲ್ಲ. ಪ್ರಾರ್ಥನೆಯನ್ನು ಕಲಿಸಿದವರು ಯಾರು ಎಂದು ಕೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದವರು ತಂದೆ. ಆ ನಂಬಿಕೆಯನ್ನು ಪರಿಶೀಲಿಸುವುದೆಂದರೆ ತಂದೆಯನ್ನು ವಂಚಕನೆಂದು ಕರೆದಂತೆ ಎಂದು ಅವರ ಮನಸ್ಸು ಲೆಕ್ಕ ಹಾಕಿತ್ತು. ‘ಮಗುವಿಗೆ ಮೋಸ’ ಎಂಬ ಮಾತು ಬಂದದ್ದೂ ಅಲ್ಲಿಂದಲೇ. ಆಗ ನಾನು ಹೇಳಿದೆ: ‘ನಿಮ್ಮ ತಂದೆ ತಾವು ನಿಜವೆಂದು ತಿಳಿದದ್ದನ್ನು ನಿಮಗೆ ಕೊಟ್ಟರು, ಅದರಲ್ಲಿ ಮೋಸವಿಲ್ಲ. ತಾವು ಒಪ್ಪದ್ದನ್ನು ಒಪ್ಪಿದವರಂತೆ ಕೊಟ್ಟರೆ ಅದು ಮೋಸ.’ ಈ ಭೇದ ಸ್ಪಷ್ಟವಾದ ಮೇಲೆ ಅವರ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿತ್ತು.

ಮಗಳ ವಿಷಯದಲ್ಲಿ ಎರಡು ಸಂಗತಿಗಳನ್ನು ತಿಳಿಸಿದೆ. ಮಕ್ಕಳು ದೊಡ್ಡವರ ಮಾತಿಗಿಂತ, ಆ ಮಾತಿಗಾಗಿ ದೊಡ್ಡವರು ಏನನ್ನು ಮಾಡಲು, ಏನನ್ನು ಬಿಡಲು ಸಿದ್ಧರಿದ್ದಾರೆ ಎಂಬುದನ್ನು ನೋಡಿ ನಂಬುತ್ತಾರೆ ಎಂದು ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಪ್ರತಿಪಾದಿಸಿದರು. ದಕ್ಷಿಣ ಕ್ಯಾಲಿಫೋರ್ನಿಯಾದ ಕುಟುಂಬಗಳನ್ನು 1970ರ ದಶಕದಿಂದ ತಲೆಮಾರುಗಳವರೆಗೆ ಅನುಸರಿಸಿದ ವರ್ನ್ ಬೆಂಗ್ಟ್‌ಸನ್ ಅವರ ಅಧ್ಯಯನದಲ್ಲಿ, ನಂಬಿಕೆ ಮುಂದಿನವರಿಗೆ ದಾಟುವುದರಲ್ಲಿ ತಂದೆತಾಯಿಯರೊಂದಿಗಿನ, ಅದರಲ್ಲೂ ತಂದೆಯೊಂದಿಗಿನ ಆತ್ಮೀಯತೆಯ ಪಾತ್ರ ದೊಡ್ಡದೆಂದು ಕಂಡುಬಂತು. ಅಂದರೆ ಏನನ್ನೂ ಕಲಿಸದೆ ಮಗುವನ್ನು ಖಾಲಿಯಾಗಿ ಬೆಳೆಸುವುದು ಆಗದ ಮಾತು. ಪ್ರಾರ್ಥನೆಯನ್ನು ಕಾರಣ ಹೇಳದೆ ನಿಲ್ಲಿಸಿದ ತಂದೆಯಿಂದಲೂ ಮಗು ಏನನ್ನೋ ಕಲಿಯುತ್ತಿರುತ್ತದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ನಿದ್ರೆ ಸರಿಯಾಗುವವರೆಗೆ ಯಾವ ದೊಡ್ಡ ತೀರ್ಮಾನವೂ ಬೇಡ. ಧರ್ಮ ಬಿಟ್ಟೆನೆಂಬ ಘೋಷಣೆಯೂ ಬೇಡ, ಭಯದಿಂದ ಹೆಚ್ಚು ಕಟ್ಟುನಿಟ್ಟಿನ ಆಚರಣೆಗೆ ತೊಡಗುವುದೂ ಬೇಡ. ರಾತ್ರಿ ಮಲಗುವ ಮುನ್ನ ವಾದವಿವಾದದ ವೀಡಿಯೊಗಳನ್ನು ನೋಡಬೇಡಿ. ‘ಇದು ನನಗೆ ಹೇಗೆ ಬಂತು’, ‘ಇದು ನಿಜವೇ’, ‘ಇದರೊಂದಿಗೆ ಹೇಗೆ ಬಾಳಲಿ’ ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಹಾಳೆಗಳಲ್ಲಿ ಬರೆಯಿರಿ, ಒಂದರ ಉತ್ತರವನ್ನು ಇನ್ನೊಂದರ ಕೆಳಗೆ ಬರೆಯಬೇಡಿ. ಕುಟುಂಬದ ಆಚರಣೆಗಳಲ್ಲಿ ಈಗಲೂ ಸುಳ್ಳಾಡದೆ ಭಾಗವಹಿಸಬಹುದಾದವು ಯಾವುವು ಎಂದು ಗುರುತಿಸಿಕೊಳ್ಳಿ. ತಂದೆಗೆ ಹೇಳುವ ಮೊದಲು ಪತ್ನಿಗೆ ಹೇಳಿ. ಮಗಳೊಂದಿಗೆ ಮಾತನಾಡುವಾಗ ‘ನಾನು ಹೀಗೆ ನಂಬುತ್ತೇನೆ’, ‘ತಾತ ಹೀಗೆ ನಂಬುತ್ತಾರೆ’, ‘ನನ್ನ ಸ್ನೇಹಿತರ ಮನೆಯಲ್ಲಿ ಹೀಗೆ ನಂಬುತ್ತಾರೆ’ ಎಂದು ಯಾರ ನಂಬಿಕೆ ಯಾವುದೆಂದು ಹೇಳುವ ಅಭ್ಯಾಸವಿರಲಿ. ನಂಬಿಕೆ ನಿಜವೇ ಎಂಬ ಪ್ರಶ್ನೆಗೆ, ತಮ್ಮ ಪರಂಪರೆಯಲ್ಲೇ ಸಂಶಯವನ್ನು ಹಾದು ಬಂದವರ ಬರಹಗಳನ್ನು ಓದಲು ಮತ್ತು ತಮಗೆ ವಿಶ್ವಾಸವಿರುವ ಹಿರಿಯರನ್ನು ಕಾಣಲು ಹೇಳಿದೆ. ನನ್ನ ಸ್ವಂತ ನಂಬಿಕೆ ಏನೆಂದು ಅವರು ಕೇಳಿದಾಗ ಉತ್ತರಿಸಲಿಲ್ಲ. ಆರಿಸಿಕೊಳ್ಳದೆ ಬಂದದ್ದರ ಭಾರವನ್ನು ಹೊತ್ತವರಿಗೆ ಆಪ್ತಸಲಹೆಗಾರನ ನಂಬಿಕೆಯ ಭಾರವನ್ನೂ ಹೊರಿಸಬಾರದು.

ಇದೇ ಸಂಕಟದಲ್ಲಿರುವ ಎಲ್ಲರಿಗೂ ಈ ಸಲಹೆ ಹೊಂದುವುದಿಲ್ಲ. ಇವರಿಗೆ ಸ್ವಂತ ದುಡಿಮೆ ಇತ್ತು, ಮನೆಯಲ್ಲಿ ಹಿಂಸೆಯ ಭಯವಿರಲಿಲ್ಲ. ಪೋಷಕರನ್ನೇ ಅವಲಂಬಿಸಿರುವ ಕಿರಿಯರು, ನಂಬಿಕೆಯ ಬಗ್ಗೆ ಬಾಯಿಬಿಟ್ಟರೆ ಮನೆಯನ್ನೋ ಸುರಕ್ಷತೆಯನ್ನೋ ಕಳೆದುಕೊಳ್ಳಬಹುದಾದವರು, ಯಾರಿಗಾದರೂ ಹೇಳುವ ಮುನ್ನ ಮೊದಲು ತಮ್ಮ ರಕ್ಷಣೆಯನ್ನು ಖಚಿತಪಡಿಸಿಕೊಳ್ಳಬೇಕು. ಮೌನವಾಗಿರುವುದು ಅಂಥವರ ಪಾಲಿಗೆ ಅಪ್ರಾಮಾಣಿಕತೆಯಲ್ಲ.

ಕೆಲವು ತಿಂಗಳಲ್ಲಿ ಅವರ ನಿದ್ರೆ ಬಹುಮಟ್ಟಿಗೆ ಸರಿಹೋಯಿತು. ತಮಗೆ ನೋವಾದದ್ದು ಸಂಶಯದಿಂದಲ್ಲ, ಅದನ್ನು ಮುಚ್ಚಿಟ್ಟದ್ದರಿಂದ ಎಂದು ಪತ್ನಿ ಹೇಳಿದರಂತೆ. ತಂದೆ ಮಾತ್ರ ಸಿಟ್ಟಾದರು, ಆ ಸಂಬಂಧ ಇನ್ನೂ ಪೂರ್ತಿ ಸರಿಯಾಗಿಲ್ಲ. ಅವರು ಈಗ ಕುಟುಂಬದ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳುತ್ತಾರೆ, ಆದರೆ ನಂಬಿಕೆಯನ್ನು ಘೋಷಿಸುವ ಸಾಲುಗಳನ್ನು ಹೇಳುವುದಿಲ್ಲ. ಮಗಳಿಗೆ ವಿಧಿವತ್ತಾದ ಧಾರ್ಮಿಕ ಶಿಕ್ಷಣ ಆರಂಭಿಸುವ ವಿಷಯದಲ್ಲಿ ದಂಪತಿಗೆ ಒಮ್ಮತ ಮೂಡಿಲ್ಲ. ಅದನ್ನು ಒಂದು ವರ್ಷ ಮುಂದೂಡಿದ್ದಾರೆ, ಆ ಮಾತುಕತೆಗೆ ಇಬ್ಬರೂ ಒಟ್ಟಿಗೆ ಬರುವುದೆಂದು ತೀರ್ಮಾನಿಸಿದ್ದಾರೆ.